ಸೆವೆನ್ ಸೀಮೆ: ಒಕ್ಸಿತಾನ್ ಬೆಟ್ಟನಾಡಿನ ನೆಲ, ನಂಬಿಕೆ ಮತ್ತು ರೇಷ್ಮೆ

ಪ್ರಶ್ನೆ: ನಾನು ರಾಮನಗರದ ಹತ್ತಿರ ರೇಷ್ಮೆ ಬೆಳೆಯುವವನು. ರೇಷ್ಮೆಹುಳುವಿನ ಗಂಟುರೋಗಕ್ಕೆ ಪರಿಹಾರದ ದಾರಿ ತೋರಿಸಿದ ಲೂಯಿ ಪಾಶ್ಚರ್ ಆ ಕೆಲಸವನ್ನು ದಕ್ಷಿಣ ಫ್ರಾನ್ಸಿನ ಸೆವೆನ್ ಎಂಬ ಬೆಟ್ಟಸೀಮೆಯಲ್ಲಿ ಮಾಡಿದರೆಂದು ಒಂದು ತರಬೇತಿಯಲ್ಲಿ ಕೇಳಿದ್ದೆ. ಆ ಸೀಮೆಯ ಬಗ್ಗೆ ಓದುತ್ತ ಹೋದಾಗ ಒಂದು ಕಡೆ ಅದು ಒಕ್ಸಿತಾನ್ ಭಾಷೆಯ ನಾಡೆಂದೂ ಇನ್ನೊಂದು ಕಡೆ ಅಲ್ಲಿನ ಪ್ರೊಟೆಸ್ಟಂಟರು ಫ್ರೆಂಚಿನಲ್ಲೇ ಪ್ರಾರ್ಥಿಸುತ್ತ ರಾಜನ ವಿರುದ್ಧ ದಂಗೆಯೆದ್ದರೆಂದೂ ಇತ್ತು. ಇವೆರಡೂ ಹೇಗೆ ಹೊಂದುತ್ತವೆ? ಆ ನೆಲ ಎಂಥದ್ದು? ರೇಷ್ಮೆ ಅಲ್ಲಿ ಈಗಲೂ ಇದೆಯೇ? ನನ್ನ ಮಗ ಲಿಯೋಂ ನಗರದಲ್ಲಿ ಓದುತ್ತಿರುವುದರಿಂದ ಮುಂದಿನ ವರ್ಷ ಅಲ್ಲಿಗೆ ಹೋಗಿಬರುವ ಆಲೋಚನೆಯೂ ಇದೆ.

ಉತ್ತರ: ನೀವು ಓದಿದ ಎರಡು ಮಾತುಗಳೂ ನಿಜ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಒಕ್ಸಿತಾನ್ ಆಡುತ್ತಿದ್ದ ಜನ ದೇವರೊಡನೆ ಮಾತ್ರ ಫ್ರೆಂಚಿನಲ್ಲಿ ಮಾತನಾಡುತ್ತಿದ್ದರು. ಇದನ್ನು ವಿಚಿತ್ರವೆಂದು ಬದಿಗಿಡುವಂತಿಲ್ಲ, ಏಕೆಂದರೆ ಸೆವೆನ್ ಸೀಮೆಯಲ್ಲಿ ಪ್ರಾಚೀನವೆಂದೂ ಸಹಜವೆಂದೂ ಕಾಣುವ ಬಹುಪಾಲು ಸಂಗತಿಗಳು ಹೊರಗಿನಿಂದ ಬಂದವು, ಇಲ್ಲವೇ ಕೈಯಾರೆ ಕಟ್ಟಿಕೊಂಡವು. ಅಲ್ಲಿನ ಹೊಲದ ಮಣ್ಣು, ಬೆಟ್ಟದ ಮರ, ಪ್ರಾರ್ಥನೆಯ ಭಾಷೆ, ನಿಮಗೆ ಆಸಕ್ತಿಯಿರುವ ರೇಷ್ಮೆ, ಎಲ್ಲಕ್ಕೂ ಇದು ಸಲ್ಲುತ್ತದೆ. ಇದನ್ನು ವಿವರಿಸಲು ನೆಲದಿಂದಲೇ ಆರಂಭಿಸಬೇಕಾಗುತ್ತದೆ.

ಫ್ರಾನ್ಸಿನ ನಡುಭಾಗದಲ್ಲಿ ಹರಡಿರುವ ಮಾಸಿಫ್ ಸೆಂತ್ರಾಲ್ ಎಂಬ ವಿಶಾಲವಾದ ಎತ್ತರದ ನಾಡು ಆಗ್ನೇಯಕ್ಕೆ ಬಂದು ಮೆಡಿಟರೇನಿಯನ್ ಕಡಲಿನ ಬಯಲಿಗೆ ತಟ್ಟನೆ ಇಳಿಯುವ ಅಂಚೇ ಸೆವೆನ್. ಇದರ ತಿರುಳು ಲೊಜೇರ್ ಮತ್ತು ಗಾರ್ ಜಿಲ್ಲೆಗಳಲ್ಲಿದೆ, ಸೆರಗು ಅರ್ದೆಶ್ ಮತ್ತು ಎರೋ ಜಿಲ್ಲೆಗಳಿಗೂ ಚಾಚಿದೆ. ಉತ್ತರದಲ್ಲಿ 1,699 ಮೀಟರ್ ಎತ್ತರದ, ದುಂಡನೆಯ ಗ್ರಾನೈಟ್ ಬಂಡೆಗಳು ಚೆದುರಿಬಿದ್ದ ಲೊಜೇರ್ ಬೆಟ್ಟ, ದಕ್ಷಿಣದಲ್ಲಿ 1,565 ಮೀಟರ್ ಎತ್ತರದ ಎಗ್ವಾಲ್ ಬೆಟ್ಟ, ಇವೆರಡರ ನಡುವೆ ಪದರು ಪದರಾಗಿ ಸೀಳುವ ಶಿಸ್ಟ್ ಕಲ್ಲಿನ ಕಡಿದಾದ ಕಣಿವೆಗಳು. ಪಶ್ಚಿಮಕ್ಕೆ ಹೋದರೆ ನೋಟವೇ ಬದಲಾಗುತ್ತದೆ. ಅಲ್ಲಿ ಕೋಸ್ ಎಂದು ಕರೆಯುವ ಸುಣ್ಣಕಲ್ಲಿನ ಬೋಳು ಪ್ರಸ್ಥಭೂಮಿಗಳಿವೆ, ಅವುಗಳನ್ನು ಸೀಳಿಕೊಂಡು ತಾರ್ನ್ ನದಿ 400 ಮೀಟರಿಗೂ ಮಿಕ್ಕ ಆಳದ ಕಮರಿಯಲ್ಲಿ ಹರಿಯುತ್ತದೆ. ತಾರ್ನ್ ಹುಟ್ಟುವುದು ಲೊಜೇರ್ ಬೆಟ್ಟದಲ್ಲಿ, ಸೇರುವುದು ಗರೋನ್ ನದಿಯ ಮೂಲಕ ಅಟ್ಲಾಂಟಿಕ್ ಸಾಗರವನ್ನು. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿನಲ್ಲಿ ಹುಟ್ಟುವ ಗಾರ್ದೋನ್, ಸೇಜ್ ಮತ್ತು ಎರೋ ನದಿಗಳ ನೀರು ಮೆಡಿಟರೇನಿಯನ್ ಕಡಲಿಗೆ ಹೋಗುತ್ತದೆ.

ಪಶ್ಚಿಮ ಘಟ್ಟಕ್ಕೆ ಮುಂಗಾರು ಬಡಿದು ಮಳೆಯಾಗುವ ಬಗೆ ನಿಮಗೆ ಗೊತ್ತಿದೆ. ಇಲ್ಲಿಯೂ ಕಾರಣ ಅದೇ, ಆದರೆ ತಿಂಗಳುಗಟ್ಟಲೆ ಸುರಿಯುವ ಮಳೆಗಾಲವಿಲ್ಲ. ಬೇಸಿಗೆಯಿಡೀ ಕಾದ ಮೆಡಿಟರೇನಿಯನ್ ಕಡಲಿನ ತೇವದ ಗಾಳಿ ಸೆಪ್ಟೆಂಬರ್ ಮತ್ತು ನವೆಂಬರ್ ನಡುವೆ ಈ ಬೆಟ್ಟದ ಗೋಡೆಗೆ ತಾಗಿ, ಮೇಲೇರಿ, ಒಂದೆರಡು ದಿನಗಳಲ್ಲೇ ಒಂದು ವರ್ಷದ ಮಳೆಯ ದೊಡ್ಡ ಪಾಲನ್ನು ಸುರಿದುಬಿಡುತ್ತದೆ. ಎಗ್ವಾಲ್ ಬೆಟ್ಟದ ಬುಡದ ವಾಲರೋಗ್ ಹಳ್ಳಿಯಲ್ಲಿ 1900ರ ಸೆಪ್ಟೆಂಬರಿನಲ್ಲಿ ಒಂದು ದಿನದೊಳಗೆ 950 ಮಿಲಿಮೀಟರ್ ಮಳೆ ಬಿದ್ದ ದಾಖಲೆಯಿದೆ. 2002ರ ಸೆಪ್ಟೆಂಬರಿನಲ್ಲಿ ಗಾರ್ ಜಿಲ್ಲೆಯ ಪ್ರವಾಹ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಫ್ರಾನ್ಸಿನ ಹವಾಮಾನ ತಜ್ಞರು ಇಂತಹ ಮಳೆಯನ್ನು ಈ ಸೀಮೆಯ ಹೆಸರಿನಿಂದಲೇ ಕರೆಯುತ್ತಾರೆ.

ಇಷ್ಟು ಕಡಿದಾದ ಇಳಿಜಾರಿನ ಮೇಲೆ ಇಂತಹ ಮಳೆ ಬೀಳುವಾಗ ಮಣ್ಣು ನಿಲ್ಲುವುದಿಲ್ಲ. ಆದುದರಿಂದ ಸೆವೆನ್ ರೈತರ ಮೊದಲ ಬೆಳೆ ಮಣ್ಣೇ ಎನ್ನಬೇಕು. ಅವರು ಗಾರೆಯಿಲ್ಲದೆ ಶಿಸ್ಟ್ ಕಲ್ಲುಗಳನ್ನು ಜೋಡಿಸಿ ಬೆಟ್ಟದ ಮೈಗೆ ಸಾಲು ಸಾಲಾಗಿ ಕಲ್ಲುಕಟ್ಟಣೆ ಕಟ್ಟಿದರು, ಕೊಚ್ಚಿಹೋದ ಮಣ್ಣನ್ನು ಬುಟ್ಟಿಗಳಲ್ಲಿ ಬೆನ್ನಮೇಲೆ ಹೊತ್ತು ಮತ್ತೆ ಮೇಲಕ್ಕೆ ತಂದು ತುಂಬಿದರು. ಹೀಗೆ ಮಾಡಿದ ಮೆಟ್ಟಿಲು ಹೊಲವನ್ನು ಒಂದು ಕಣಿವೆಯಲ್ಲಿ ಬಾನ್ಸೆಲ್ ಎಂದೂ ಇನ್ನೊಂದರಲ್ಲಿ ಫಾಯಿಸ ಎಂದೂ ಕರೆಯುತ್ತಾರೆ. ಗಾರೆ ಹಾಕದೆ ಕಟ್ಟುವುದಕ್ಕೆ ಬಡತನವೊಂದೇ ಕಾರಣವಲ್ಲ. ಕಲ್ಲುಗಳ ಸಂದಿಯಿಂದ ನೀರು ಹೊರಬರಲು ದಾರಿಯಿರುವುದರಿಂದಲೇ ಆ ಮಹಾಮಳೆಗೂ ಗೋಡೆ ನಿಲ್ಲುತ್ತದೆ, ಗಾರೆ ಹಾಕಿದ ಗೋಡೆ ಹಿಂದೆ ತುಂಬಿಕೊಂಡ ನೀರಿನ ಒತ್ತಡಕ್ಕೆ ಉಬ್ಬಿ ಬೀಳುತ್ತದೆ. ಬೇಸಿಗೆಯ ಬರಕ್ಕಾಗಿ ಹೊಳೆಯಿಂದ ಬೆಟ್ಟದ ಮಗ್ಗುಲಿನುದ್ದಕ್ಕೂ ಕಾಲುವೆ ತೆಗೆದು ನೀರನ್ನು ಸರದಿಯ ಮೇಲೆ ಹಂಚಿಕೊಳ್ಳುತ್ತಿದ್ದರು.

ಈ ಹೊಲಗಳ ಮೇಲುಗಡೆ, ಸುಮಾರು 400ರಿಂದ 800 ಮೀಟರ್ ಎತ್ತರದಲ್ಲಿ, ಚೆಸ್ಟ್‌ನಟ್ ಮರಗಳಿವೆ. ನೋಡಿದವರು ಕಾಡೆಂದು ಭಾವಿಸುತ್ತಾರೆ, ಆದರೆ ಅವು ಮಧ್ಯಯುಗದಿಂದ ನೆಟ್ಟು, ಕಸಿ ಕಟ್ಟಿ, ಒಂದೊಂದು ಮರಕ್ಕೂ ವಾರಸುದಾರರಿದ್ದ ತೋಟಗಳು. ಗೋಧಿ ಬಾರದ ನೆಲದಲ್ಲಿ ಇದೇ ಮುಖ್ಯ ಆಹಾರವಾದುದರಿಂದ ಅದಕ್ಕೆ ರೊಟ್ಟಿಯ ಮರವೆಂದೇ ಹೆಸರು. ಅಕ್ಟೋಬರಿನಲ್ಲಿ ಆಯ್ದ ಕಾಯಿಗಳನ್ನು ಕ್ಲೇಡ ಎಂಬ ಪುಟ್ಟ ಕಲ್ಲುಮನೆಯ ಅಟ್ಟದ ಮೇಲೆ ಹರಡಿ, ಕೆಳಗೆ ವಾರಗಟ್ಟಲೆ ಹೊಗೆಯಾಡುವ ಸಣ್ಣ ಬೆಂಕಿಯಿಟ್ಟು ಒಣಗಿಸುತ್ತಿದ್ದರು. ಆಮೇಲೆ ಸಿಪ್ಪೆ ಬಡಿದು ತೆಗೆದ ಬಿಳಿ ಬೀಜವನ್ನು ಹಾಲು ಅಥವಾ ನೀರಿನಲ್ಲಿ ಬೇಯಿಸಿದರೆ ಬಜಾನ ಎಂಬ ಗಂಜಿ, ಅದೇ ಚಳಿಗಾಲದ ಊಟ. ಇನ್ನೂ ಮೇಲೆ, ಮರಗಳು ಮುಗಿದಲ್ಲಿ, ಹುಲ್ಲುಗಾವಲು. ಬಯಲಿನ ಕುರಿಮಂದೆಗಳು ಜೂನಿನಲ್ಲಿ ದ್ರಾಯ ಎಂಬ ಹಳೆಯ ದಾರಿಗಳನ್ನು ಹಿಡಿದು ಲೊಜೇರ್ ಮತ್ತು ಎಗ್ವಾಲ್ ಬೆಟ್ಟಗಳಿಗೆ ಏರಿ, ಬೇಸಿಗೆ ಕಳೆದು ಇಳಿಯುತ್ತವೆ. ಮಂದೆಗಳ ಸಂಖ್ಯೆ ತುಂಬ ಇಳಿದಿದ್ದರೂ ಪದ್ಧತಿ ನಿಂತಿಲ್ಲ. 2011ರಲ್ಲಿ ಯುನೆಸ್ಕೊ ಕೋಸ್ ಮತ್ತು ಸೆವೆನ್ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಕುರಿಗಾಹಿ ಕೃಷಿಯ ನೆಲವೆಂಬ ಕಾರಣಕ್ಕೇ.

ಇನ್ನು ಭಾಷೆಯ ಮಾತು. ಒಕ್ಸಿತಾನ್ ಫ್ರೆಂಚಿನ ಒಂದು ಉಪಭಾಷೆಯಲ್ಲ. ಫ್ರೆಂಚಿನಂತೆಯೇ ಲ್ಯಾಟಿನ್ನಿನಿಂದ ಹುಟ್ಟಿದ, 12 ಮತ್ತು 13ನೇ ಶತಮಾನಗಳಲ್ಲಿ ತ್ರುಬದೂರ್ ಕವಿಗಳ ಮೂಲಕ ಯುರೋಪಿನ ಆಸ್ಥಾನಗಳಲ್ಲೆಲ್ಲ ಮನ್ನಣೆ ಪಡೆದಿದ್ದ, ದಕ್ಷಿಣ ಫ್ರಾನ್ಸಿನ ಜೊತೆಗೆ ಇಟಲಿಯ ಕೆಲವು ಆಲ್ಪ್ಸ್ ಕಣಿವೆಗಳಿಗೂ ಸ್ಪೇನಿನ ಆರಾನ್ ಕಣಿವೆಗೂ ಹರಡಿರುವ ಸ್ವತಂತ್ರ ಭಾಷೆ ಅದು. 2016ರಲ್ಲಿ ಹುಟ್ಟಿದ ಒಕ್ಸಿತಾನಿ ಎಂಬ ಆಡಳಿತ ಪ್ರಾಂತ್ಯಕ್ಕೂ ಈ ಭಾಷಾಸೀಮೆಗೂ ಗಡಿ ಒಂದೇ ಅಲ್ಲ, ಭೂಪಟ ನೋಡುವಾಗ ಗೊಂದಲವಾಗದಿರಲೆಂದು ಹೇಳುತ್ತಿದ್ದೇನೆ. ಸೆವೆನ್ನಲ್ಲಿ ಆಡುವುದು ಒಕ್ಸಿತಾನಿನ ಲಾಂಗ್ದಾಕ್ ರೂಪ. ಮೇಕೆಗೆ ದಕ್ಷಿಣದವರು ಕಾಬ್ರ ಎಂದರೆ ಉತ್ತರದವರು ಚಾಬ್ರ ಎನ್ನುತ್ತಾರೆ, ಆ ಗೆರೆ ಲೊಜೇರ್ ಜಿಲ್ಲೆಯೊಳಗೇ ಹಾದುಹೋಗುತ್ತದೆ.

ಈ ಕಣಿವೆಗಳಿಗೆ 16ನೇ ಶತಮಾನದಲ್ಲಿ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ನನ ಬೋಧನೆ ಬಂದದ್ದು ಜಿನೀವಾದಿಂದ, ವರ್ತಕರು ಮತ್ತು ಕುಶಲಕರ್ಮಿಗಳ ಮೂಲಕ, ಅಚ್ಚಾದ ಪುಸ್ತಕಗಳ ರೂಪದಲ್ಲಿ. ಬೈಬಲ್ ಫ್ರೆಂಚಿನದು, ಹಾಡುವ ಕೀರ್ತನೆಗಳೂ ಫ್ರೆಂಚಿನವು. ಅದನ್ನು ಒಕ್ಸಿತಾನಿಗೆ ತಿರುಗಿಸುವ ದಾರಿ ಇರಲಿಲ್ಲವೆಂದಲ್ಲ. ಪಿರನೀಸ್ ಬೆಟ್ಟಗಳ ಬುಡದ ಬೇಆರ್ನ್ ಆಗ ಸ್ವತಂತ್ರ ಸಂಸ್ಥಾನವಾಗಿತ್ತು, ಅಲ್ಲಿನ ರಾಣಿಯೇ ಪ್ರೊಟೆಸ್ಟಂಟಳಾಗಿದ್ದಳು, ಆದುದರಿಂದ ಅಲ್ಲಿ ಅರ್ನೋ ದ ಸಲೆತ್ ಎಂಬ ಪಾದ್ರಿ ಕೀರ್ತನೆಗಳನ್ನು ಆ ಸೀಮೆಯ ಒಕ್ಸಿತಾನಿಗೆ ತಂದು 1583ರಲ್ಲಿ ಅಚ್ಚು ಹಾಕಿಸಿದನು. ಸೆವೆನ್ನಿಗೆ ಅಂತಹ ರಾಜ್ಯವಿರಲಿಲ್ಲ, ಅಚ್ಚುಕೂಟವಿರಲಿಲ್ಲ. ಅಲ್ಲಿನ ರೈತ ಅಕ್ಷರ ಕಲಿತದ್ದೇ ಫ್ರೆಂಚ್ ಬೈಬಲ್ ಓದುವುದಕ್ಕೆ. ಪರಿಣಾಮವಾಗಿ, ಪ್ಯಾರಿಸ್ಸಿನ ಸರ್ಕಾರ ಶಾಲೆಗಳ ಮೂಲಕ ಫ್ರೆಂಚನ್ನು ಹೇರುವುದಕ್ಕೆ ಮುನ್ನೂರು ವರ್ಷ ಮೊದಲೇ ಈ ಬೆಟ್ಟದ ಜನಕ್ಕೆ ಫ್ರೆಂಚ್ ಪವಿತ್ರ ಭಾಷೆಯಾಗಿ ಒಳಗಿಳಿದಿತ್ತು. ಅದು ರಾಜನ ಭಾಷೆಯಾಗಿ ಬಂದುದಲ್ಲ, ರಾಜನಿಗೆ ತಲೆಬಾಗದವರ ಭಾಷೆಯಾಗಿ ಬಂದುದು. ಒಕ್ಸಿತಾನ್ ಅಭಿಮಾನಿಗಳಲ್ಲಿ ಕೆಲವರು ಸೆವೆನ್ ದಂಗೆಯನ್ನು ಭಾಷೆಯ ದಂಗೆಯಂತೆ ಚಿತ್ರಿಸುವುದುಂಟು. ದಾಖಲೆಗಳು ಅದಕ್ಕೆ ಒತ್ತಾಸೆ ಕೊಡುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ದಂಗೆಯ ಹಿನ್ನೆಲೆ ಹೀಗಿದೆ. 1598ರ ನಾಂತ್ ಶಾಸನ ಪ್ರೊಟೆಸ್ಟಂಟರಿಗೆ ಆರಾಧನೆಯ ಹಕ್ಕು ಕೊಟ್ಟಿತ್ತು. ಹದಿನಾಲ್ಕನೆಯ ಲೂಯಿ 1685ರ ಅಕ್ಟೋಬರಿನಲ್ಲಿ ಅದನ್ನು ರದ್ದುಮಾಡಿದನು. ಪ್ರಾರ್ಥನಾಮಂದಿರಗಳನ್ನು ಕೆಡವಲಾಯಿತು. ಪಾದ್ರಿಗಳು ಹದಿನೈದು ದಿನಗಳಲ್ಲಿ ಮತಾಂತರವಾಗಬೇಕು ಅಥವಾ ದೇಶ ಬಿಡಬೇಕು ಎಂದಾಯಿತು, ಸಾಮಾನ್ಯ ಜನರಿಗೆ ದೇಶ ಬಿಡುವ ಅವಕಾಶವೂ ಇರಲಿಲ್ಲ. ಸೈನಿಕರನ್ನು ಮನೆಮನೆಯಲ್ಲಿ ಬೀಡುಬಿಡಿಸಿ, ಅವರ ಖರ್ಚನ್ನೂ ಕಿರುಕುಳವನ್ನೂ ತಾಳಲಾರದೆ ಜನ ಮತಾಂತರಕ್ಕೆ ಒಪ್ಪುವಂತೆ ಮಾಡಲಾಯಿತು. ಓದಿದ ಪಾದ್ರಿಗಳೆಲ್ಲ ಹೊರಟುಹೋದ ಮೇಲೆ ಆ ಜಾಗವನ್ನು ತುಂಬಿದವರು ಮೈಮೇಲೆ ದೇವರಾತ್ಮ ಬಂದು ನುಡಿಯುತ್ತಿದ್ದ ಹುಡುಗ ಹುಡುಗಿಯರು. 1688ರಲ್ಲಿ ದೋಫಿನೇ ಸೀಮೆಯ ಇಸಬೋ ವಿನ್ಸಾನ್ ಎಂಬ ಕುರಿಕಾಯುವ ಹುಡುಗಿ ನಿದ್ದೆಯಲ್ಲಿ ಬೋಧನೆ ಮಾಡತೊಡಗಿದಳು. ಆ ಅಲೆ ವಿವಾರೇ ಸೀಮೆಯನ್ನು ದಾಟಿ 1700ರ ಸುಮಾರಿಗೆ ಸೆವೆನ್ ತಲುಪಿತು. ದಿನವೂ ಒಕ್ಸಿತಾನ್ ಬಿಟ್ಟು ಬೇರೇನನ್ನೂ ಆಡದ ಮಕ್ಕಳು ಆವೇಶದಲ್ಲಿ ಶುದ್ಧ ಫ್ರೆಂಚ್ ನುಡಿದರೆಂದು ಸಾಕ್ಷಿಗಳು ಬೆರಗಿನಿಂದ ಹೇಳಿದ್ದಾರೆ. ಬೈಬಲ್ಲಿನ ಸಾಲುಗಳನ್ನು ಬಾಲ್ಯದಿಂದ ಕಿವಿಯಲ್ಲಿ ತುಂಬಿಕೊಂಡವರಿಗೆ ಅದು ಅಸಾಧ್ಯವೇನಲ್ಲ, ಆದರೆ ಕೇಳುವವರಿಗೆ ಆ ಭಾಷೆಯೇ ದೈವಿಕತೆಯ ಗುರುತಾಗಿತ್ತು.

1702ರ ಜುಲೈ 24ರ ರಾತ್ರಿ ತಾರ್ನ್ ನದಿಯ ದಂಡೆಯ ಪೋಂ ದ ಮೋಂವೆರ್ ಎಂಬ ಊರಿನಲ್ಲಿ, ಜಿನೀವಾಕ್ಕೆ ಓಡಿಹೋಗುವಾಗ ಸಿಕ್ಕಿಬಿದ್ದ ಪ್ರೊಟೆಸ್ಟಂಟರನ್ನು ಕೂಡಿಹಾಕಿದ್ದ ದು ಶೈಲಾ ಎಂಬ ಕ್ಯಾಥೊಲಿಕ್ ಧರ್ಮಾಧಿಕಾರಿಯ ಮನೆಗೆ ಒಂದು ಗುಂಪು ನುಗ್ಗಿ ಸೆರೆಯಾಳುಗಳನ್ನು ಬಿಡಿಸಿ ಅವನನ್ನು ಕೊಂದಿತು. ಕಾಮಿಸಾರರೆಂದು ಹೆಸರಾದ ಈ ದಂಗೆಕೋರರ ಎರಡು ವರ್ಷದ ಯುದ್ಧ ಹೀಗೆ ಆರಂಭವಾಯಿತು. ದಂಗೆಕೋರರಲ್ಲಿ ಶ್ರೀಮಂತ ಮನೆತನದವರಿರಲಿಲ್ಲ. ಉಣ್ಣೆ ಹಿಂಜುವವರು, ಕುರಿಗಾಹಿಗಳು, ರೊಟ್ಟಿ ಅಂಗಡಿಯ ಆಳುಗಳು ಇದ್ದರು. ಮುಂದಾಳುಗಳಲ್ಲೊಬ್ಬನಾದ ಝಾನ್ ಕವಾಲಿಯೇಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ಒಂದು ಹೊತ್ತಿಗೆ ಕೆಲವೇ ಸಾವಿರವನ್ನು ಮೀರದ ಇವರನ್ನು ಇಪ್ಪತ್ತು ಸಾವಿರದಷ್ಟು ಸೈನಿಕರಿಗೆ ಹಿಡಿಯಲಾಗಲಿಲ್ಲ, ಏಕೆಂದರೆ ಒಂದೊಂದು ಕಣಿವೆಯೂ ಇನ್ನೊಂದರಿಂದ ಬೇರೆಯಾಗಿತ್ತು ಮತ್ತು ಒಂದೊಂದು ಒಂಟಿಮನೆಯೂ ಉಗ್ರಾಣವಾಗಿತ್ತು. ಇದನ್ನರಿತ ಸೇನೆ 1703ರ ಶರತ್ಕಾಲದಲ್ಲಿ ಮೇಲ್ಕಣಿವೆಗಳ 460ಕ್ಕೂ ಹೆಚ್ಚು ಹಳ್ಳಿ ಮತ್ತು ಒಂಟಿಮನೆಗಳನ್ನು ಪಟ್ಟಿಮಾಡಿ ಸುಟ್ಟು ಕೆಡವಿತು. ಕ್ರೌರ್ಯ ಒಂದೇ ಕಡೆಯದಾಗಿರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಫ್ರೆಸಿನೇ ದ ಫೂರ್ಕ್ ಎಂಬ ಕ್ಯಾಥೊಲಿಕ್ ಹಳ್ಳಿಯಲ್ಲಿ ಕಾಮಿಸಾರರು ಹೆಂಗಸರು ಮಕ್ಕಳೆನ್ನದೆ ಕೊಂದರು. ಲೊಜೇರ್ ಬೆಟ್ಟದ ಉತ್ತರದ ಸೀಮೆ ಮತ್ತು ಕೋಸ್ ಪ್ರಸ್ಥಭೂಮಿಗಳು ಬಹುಮಟ್ಟಿಗೆ ಕ್ಯಾಥೊಲಿಕ್ ಆಗಿಯೇ ಉಳಿದಿದ್ದವು ಎಂಬುದನ್ನು ಪ್ರವಾಸದ ಪುಸ್ತಕಗಳು ಹಲವು ಸಲ ಮರೆಯುತ್ತವೆ.

1704ರಲ್ಲಿ ಹೊಸ ಸೇನಾಪತಿ ವಿಲಾರ್ ಮಾತುಕತೆಗೆ ಇಳಿದನು. ಕವಾಲಿಯೇ ಒಪ್ಪಂದಕ್ಕೆ ಬಂದು ದೇಶ ತೊರೆದು ಬ್ರಿಟಿಷ್ ಸೇನೆ ಸೇರಿ, ಕೊನೆಗೆ ಜರ್ಸಿ ದ್ವೀಪದ ಉಪರಾಜ್ಯಪಾಲನಾದನು. ಒಪ್ಪದ ಇನ್ನೊಬ್ಬ ಮುಂದಾಳು ರೋಲಾನ್ ಆಗಸ್ಟಿನಲ್ಲಿ ಹತನಾದನು. ಆಯುಧ ಸೋತ ಮೇಲೆ ಬಂದ ಎಂಟು ದಶಕಗಳ ಗುಟ್ಟಿನ ಆರಾಧನೆಯ ಕಾಲವೇ, ನನಗೆ ತೋರುವಂತೆ, ಈ ಜನರ ಸ್ವಭಾವವನ್ನು ಹೆಚ್ಚು ತಿದ್ದಿತು. ಸಿಕ್ಕಿಬಿದ್ದ ಗಂಡಸರನ್ನು ಹಡಗುಗಳಲ್ಲಿ ಹುಟ್ಟುಹಾಕುವ ಶಿಕ್ಷೆಗೂ ಹೆಂಗಸರನ್ನು ಎಗ್ ಮೋರ್ತ್ ಊರಿನ ಗೋಪುರದ ಸೆರೆಗೂ ಕಳಿಸುತ್ತಿದ್ದರು. ಪಕ್ಕದ ವಿವಾರೇ ಸೀಮೆಯ ಮರಿ ದ್ಯುರಾನ್ ಅಲ್ಲಿ 1730ರಿಂದ 1768ರವರೆಗೆ 38 ವರ್ಷ ಕಳೆದಳು. ಮಡಚಿದರೆ ಪೀಪಾಯಿಯಂತೆ ಕಾಣುವ ಬೋಧನಾಪೀಠ, ತುರುಬಿನಲ್ಲಿ ಅಡಗಿಸುವಷ್ಟು ಸಣ್ಣ ಬೈಬಲ್, ಇವು ಆ ಕಾಲದವು. ಸ್ಮಶಾನದಲ್ಲಿ ಜಾಗ ಸಿಗದವರು ಸತ್ತವರನ್ನು ತಮ್ಮ ಹೊಲದಲ್ಲೇ ಹೂಳುತ್ತಿದ್ದರು. 1787ರ ಶಾಸನ ಪ್ರೊಟೆಸ್ಟಂಟರಿಗೆ ಕಾನೂನಿನ ಅಸ್ತಿತ್ವ ಕೊಟ್ಟ ಮೇಲೂ ಆ ಪದ್ಧತಿ ಮುಂದುವರಿದಿದೆ, ಮನೆಯ ಪಕ್ಕದಲ್ಲಿ ಸೈಪ್ರೆಸ್ ಮರದಡಿ ನಾಲ್ಕಾರು ಗೋರಿಗಳಿದ್ದರೆ ಅದು ಪ್ರೊಟೆಸ್ಟಂಟ್ ಮನೆಯೆಂದು ತಿಳಿಯಬಹುದು. ಎರಡನೆಯ ಮಹಾಯುದ್ಧದಲ್ಲಿ ನೂರಾರು ಯೆಹೂದಿಗಳು ಇದೇ ಕಣಿವೆಗಳಲ್ಲಿ ಅಡಗಿ ಬದುಕುಳಿದರು.

ಈಗ ರೇಷ್ಮೆಗೆ ಬರುತ್ತೇನೆ. ಆಂದೂಜ್ ಪಟ್ಟಣದಲ್ಲಿ ರೇಷ್ಮೆಯ ಕೆಲಸ ನಡೆಯುತ್ತಿದ್ದುದಕ್ಕೆ 13ನೇ ಶತಮಾನದ ಕೊನೆಯ ದಾಖಲೆಯಿದೆ. ವಿವಾರೇ ಸೀಮೆಯ ಕೃಷಿಪಂಡಿತ ಒಲಿವಿಯೇ ದ ಸೆರ್ 1599ರಲ್ಲಿ ರೇಷ್ಮೆ ಕೃಷಿಯ ಕುರಿತು ಪುಸ್ತಕ ಬರೆದು ದೊರೆ ನಾಲ್ಕನೆಯ ಹೆನ್ರಿಯ ಮನವೊಲಿಸಿದನು. ಆದರೂ ಹಿಪ್ಪುನೇರಳೆ ಬೆಟ್ಟವನ್ನು ಏರಿದ್ದು 1709ರ ಘೋರ ಚಳಿಗಾಲದ ನಂತರವೇ. ಆ ವರ್ಷದ ಹಿಮ ಚೆಸ್ಟ್‌ನಟ್ ಮರಗಳನ್ನು ಸಾಮೂಹಿಕವಾಗಿ ಕೊಂದಿತು, ಬೇಗ ಬೆಳೆದು ನಗದು ತರುವ ಹಿಪ್ಪುನೇರಳೆ ಆ ಜಾಗಕ್ಕೆ ಬಂದಿತು. ದಂಗೆಯನ್ನು ಹತ್ತಿಕ್ಕಲು ಪ್ರಾಂತ್ಯದ ರಾಜಪ್ರತಿನಿಧಿ ಬಾವಿಲ್ ಫಿರಂಗಿ ಸಾಗುವಷ್ಟು ಅಗಲಕ್ಕೆ ಮಾಡಿಸಿದ್ದ ದಾರಿಗಳು ಈಗ ರೇಷ್ಮೆಯನ್ನು ಬಯಲಿಗೆ ಇಳಿಸಿದವು. ರೊಟ್ಟಿಯ ಮರದ ಜೊತೆಗೆ ಚಿನ್ನದ ಮರವೂ ಸೇರಿತು ಎಂದು ಅಲ್ಲಿನವರು ಹೇಳುತ್ತಾರೆ.

ನಿಮ್ಮಲ್ಲಿ ವರ್ಷವಿಡೀ ಬೆಳೆ ಮೇಲೆ ಬೆಳೆ ತೆಗೆಯುತ್ತೀರಿ. ಅಲ್ಲಿ ಹಿಪ್ಪುನೇರಳೆ ಚಿಗುರುವುದು ವಸಂತದಲ್ಲಿ, ಆದುದರಿಂದ ವರ್ಷಕ್ಕೆ ಒಂದೇ ಬೆಳೆ, ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ. ಹೆಂಗಸರು ಮೊಟ್ಟೆಗಳನ್ನು ಸಣ್ಣ ಚೀಲದಲ್ಲಿ ಕಟ್ಟಿ ಲಂಗದೊಳಗೆ ಮೈಶಾಖದಲ್ಲಿಟ್ಟು ಮರಿ ಮಾಡಿಸುತ್ತಿದ್ದರು. ಚಾಕಿ ಹುಳುಗಳನ್ನು, ಎಂದರೆ ಎಳೆಯ ಹುಳುಗಳನ್ನು, ಬೆಚ್ಚಗಿಡಲು ಹುಳುಮನೆಯ ನಾಲ್ಕು ಮೂಲೆಗಳಲ್ಲೂ ಒಲೆ ಇರುತ್ತಿತ್ತು. ಹೀಗೆ ಎತ್ತರಕ್ಕೆ ಕಟ್ಟಿದ, ಮೂಲೆಮೂಲೆಯಲ್ಲಿ ಹೊಗೆಕೊಳವೆಯಿರುವ ಕಟ್ಟಡಗಳು ಇಂದಿಗೂ ಆ ಊರುಗಳಲ್ಲಿವೆ. ಹಣ್ಣಾದ ಹುಳುಗಳು ಗೂಡು ಕಟ್ಟಲು ಚಂದ್ರಿಕೆಯ ಬದಲು ಬೆಟ್ಟದ ಹೆದರ್ ಪೊದೆಯ ಒಣ ರೆಂಬೆಗಳನ್ನು ಕಮಾನಿನಂತೆ ನೆಡುತ್ತಿದ್ದರು. ನೂಲು ಬಿಚ್ಚಾಣಿಕೆಯ ಕಾರ್ಖಾನೆಗಳಲ್ಲಿ ದುಡಿದವರು ಹೆಚ್ಚಾಗಿ ಹಳ್ಳಿಯ ಹೆಣ್ಣುಮಕ್ಕಳು, ಬಿಸಿನೀರಿನಲ್ಲಿ ಅದ್ದಿದ ಕೈಗಳು, ದಿನಕ್ಕೆ ಹನ್ನೆರಡು ಗಂಟೆಗೂ ಮಿಕ್ಕ ದುಡಿಮೆ. ಮನೆಯಲ್ಲಿ ಹುಳು ಸಾಕಿದ ಹಣ ತೆರಿಗೆಗೂ ಸಾಲಕ್ಕೂ ವರದಕ್ಷಿಣೆಗೂ ಹೋಗುತ್ತಿತ್ತು.

ಭಾಷೆ ಮತ್ತು ರೇಷ್ಮೆ ಎರಡನ್ನೂ ಒಂದೇ ಜೀವಮಾನದಲ್ಲಿ ಹಿಡಿದವನೊಬ್ಬ ಈ ಕಾಲದವನೇ. ಅಲೆಸ್ ಪಟ್ಟಣದ ಕ್ಯಾಥೊಲಿಕ್ ಪಾದ್ರಿ ಬುವಾಸಿಯೇ ದ ಸೋವಾಜ್ 1763ರಲ್ಲಿ ರೇಷ್ಮೆಹುಳು ಸಾಕಣೆಯ ಬಗ್ಗೆ ಕೈಪಿಡಿ ಬರೆದನು. ಅದಕ್ಕೂ ಮೊದಲು 1756ರಲ್ಲಿ ಅವನು ಒಕ್ಸಿತಾನಿನ ಲಾಂಗ್ದಾಕ್ ರೂಪದಿಂದ ಫ್ರೆಂಚಿಗೆ ಒಂದು ನಿಘಂಟನ್ನು ಪ್ರಕಟಿಸಿದ್ದನು. ಅದರ ಘೋಷಿತ ಉದ್ದೇಶ ದಕ್ಷಿಣದವರ ಫ್ರೆಂಚಿನ ತಪ್ಪುಗಳನ್ನು ತಿದ್ದುವುದು. ತಿದ್ದಲು ಹೊರಟ ಪುಸ್ತಕವೇ ಇಂದು 18ನೇ ಶತಮಾನದ ಸೆವೆನ್ ಒಕ್ಸಿತಾನಿಗೆ ನಮಗಿರುವ ಅತ್ಯುತ್ತಮ ಸಾಕ್ಷಿ.

1853ರಲ್ಲಿ ಫ್ರಾನ್ಸಿನ ಗೂಡಿನ ಇಳುವರಿ ಸುಮಾರು 26,000 ಟನ್ನಿಗೆ ಮುಟ್ಟಿತ್ತು. 1865ರ ಹೊತ್ತಿಗೆ ಅದು 4,000 ಟನ್ನಿಗೆ ಕುಸಿದಿತ್ತು. ಕಾರಣ ನೀವು ಗಂಟುರೋಗ ಎನ್ನುವ ಪೆಬ್ರಿನ್. ಹುಳುವಿನ ಮೈಮೇಲಿನ ಕಪ್ಪು ಚುಕ್ಕೆಗಳು ಮೆಣಸಿನ ಪುಡಿಯಂತೆ ಕಂಡುದರಿಂದ ಆ ಸೀಮೆಯ ನುಡಿಯ ಮೆಣಸೆಂಬ ಪದದಿಂದ ಬಂದ ಈ ಹೆಸರನ್ನು ಈಗ ಜಗತ್ತೆಲ್ಲ ಬಳಸುತ್ತದೆ. ರೈತರು ಇಟಲಿಯಿಂದ, ಆಮೇಲೆ ಬಾಲ್ಕನ್ ನಾಡುಗಳಿಂದ, ಕೊನೆಗೆ ಜಪಾನಿನಿಂದ ಮೊಟ್ಟೆ ತರಿಸಿದರು, ರೋಗ ಹಿಂದೆಯೇ ಬಂದಿತು. ಅಲೆಸ್ ಮೂಲದ ರಸಾಯನಶಾಸ್ತ್ರಜ್ಞ ಝಾನ್ ಬಪ್ತೀಸ್ತ್ ದ್ಯುಮಾ ತನ್ನ ಶಿಷ್ಯ ಪಾಶ್ಚರನನ್ನು ಒತ್ತಾಯಿಸಿ 1865ರ ಜೂನಿನಲ್ಲಿ ಅಲ್ಲಿಗೆ ಕಳಿಸಿದನು. ಪಾಶ್ಚರ್ ಅಲ್ಲಿಯವರೆಗೆ ರೇಷ್ಮೆಹುಳುವನ್ನು ಕೈಯಲ್ಲಿ ಹಿಡಿದವರೇ ಅಲ್ಲ.

ಇಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಅಂಶವಿದೆ. ರೋಗಿ ಹುಳು ಮತ್ತು ಚಿಟ್ಟೆಗಳ ಮೈಯಲ್ಲಿ ಸೂಕ್ಷ್ಮದರ್ಶಕದಲ್ಲಿ ಕಾಣುವ ಹೊಳೆಯುವ ಕಣಗಳನ್ನು ಪಾಶ್ಚರ್ ಮೊದಲು ರೋಗದ ಕಾರಣವೆಂದು ಒಪ್ಪಿರಲಿಲ್ಲ, ರೋಗದ ಫಲವೆಂದೇ ತಿಳಿದಿದ್ದರು. ಅವು ಪರಾವಲಂಬಿ ಜೀವಿಗಳೆಂದು ಮನಗಂಡದ್ದು ನಂತರ. ಆದರೆ ಪರಿಹಾರಕ್ಕೆ ಅಷ್ಟು ಹೊತ್ತು ಕಾಯಬೇಕಾಗಿರಲಿಲ್ಲ. ಜೊತೆಗೂಡಿದ ಒಂದೊಂದು ಹೆಣ್ಣು ಚಿಟ್ಟೆಯನ್ನೂ ಬೇರೆ ಬೇರೆ ಬಟ್ಟೆತುಂಡಿನ ಮೇಲೆ ಮೊಟ್ಟೆಯಿಡಲು ಬಿಟ್ಟು, ಆಮೇಲೆ ಆ ತಾಯಿಚಿಟ್ಟೆಯನ್ನು ಅರೆದು ನೋಡಿ, ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಡುವುದು. ತಾಯಿಯಿಂದ ಮೊಟ್ಟೆಗೆ ರೋಗ ಹೋಗುವುದನ್ನು ತಡೆದರೆ ಸಾಕಿತ್ತು. ನಿಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿಚಿಟ್ಟೆಯ ಪರೀಕ್ಷೆ ನಡೆಸಿ ರೋಗರಹಿತ ಮೊಟ್ಟೆ ಕೊಡುವುದು ಇದೇ ತತ್ವದ ಮೇಲೆ. ಪೆಬ್ರಿನ್ ಜೊತೆಗೆ ನೀವು ಸಪ್ಪೆರೋಗ ಎನ್ನುವ ಇನ್ನೊಂದು ರೋಗವೂ ಬೆರೆತಿರುವುದನ್ನು ಅವರು ಬೇರ್ಪಡಿಸಿ ತೋರಿಸಿದರು. ಆ ವರ್ಷಗಳಲ್ಲೇ ಪಾಶ್ಚರ್ ತಂದೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡರು, 1868ರ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸೋತಿತು, ಆದರೂ ಕೆಲವೇ ತಿಂಗಳಲ್ಲಿ ಅದೇ ಸೀಮೆಗೆ ಮರಳಿ ಪ್ರಯೋಗ ಮುಂದುವರಿಸಿದರು. ಅವರ ಗ್ರಂಥ 1870ರಲ್ಲಿ ಹೊರಬಂದಿತು.

ರೋಗಕ್ಕೆ ಉತ್ತರ ಸಿಕ್ಕಿತು, ಸೆವೆನ್ನಿನ ರೇಷ್ಮೆ ಮಾತ್ರ ಹಳೆಯ ಮಟ್ಟಕ್ಕೆ ಏರಲಿಲ್ಲ. 1869ರಲ್ಲಿ ಸುಯೆಜ್ ಕಾಲುವೆ ತೆರೆದು ಏಷ್ಯಾದ ಅಗ್ಗದ ರೇಷ್ಮೆ ಲಿಯೋಂ ನೇಕಾರರಿಗೆ ಸಲೀಸಾಗಿ ಬರತೊಡಗಿತು, ಮುಂದೆ ಕೃತಕ ರೇಷ್ಮೆಯೂ ಬಂದಿತು. ಅದೇ ಕಾಲಕ್ಕೆ ಚೆಸ್ಟ್‌ನಟ್ ಮರಗಳಿಗೆ ಬೇರುಕೊಳೆಯುವ ರೋಗ ಹರಡಿತು, ಉಳಿದ ಮರಗಳನ್ನು ಚರ್ಮ ಹದಮಾಡುವ ಟ್ಯಾನಿನ್ನಿಗಾಗಿ ಕಡಿದು ಮಾರಿದರು. ಅಲೆಸ್ ಸುತ್ತಲಿನ ಕಲ್ಲಿದ್ದಲು ಗಣಿಗಳು ಬೆಟ್ಟದ ಯುವಕರನ್ನು ಕೆಳಗೆ ಸೆಳೆದವು. ಲೊಜೇರ್ ಇಂದು 80,000ಕ್ಕಿಂತ ಕಡಿಮೆ ಜನರಿರುವ, ಫ್ರಾನ್ಸಿನಲ್ಲೇ ಅತ್ಯಂತ ಕಡಿಮೆ ಜನಸಂಖ್ಯೆಯ ಜಿಲ್ಲೆ. ದೇಶದ ಕೊನೆಯ ನೂಲು ಬಿಚ್ಚಾಣಿಕೆ ಕಾರ್ಖಾನೆ ಸ್ಯಾನ್ ಝಾನ್ ದ್ಯು ಗಾರ್ ಊರಿನಲ್ಲಿ 1965ರಲ್ಲಿ ಬಾಗಿಲು ಹಾಕಿತು. ಆದುದರಿಂದ ನಿಮ್ಮ ಪ್ರಶ್ನೆಗೆ ಉತ್ತರ, ಜೀವನೋಪಾಯವಾಗಿ ರೇಷ್ಮೆ ಅಲ್ಲಿ ಈಗ ಇಲ್ಲ.

ಇರುವುದೇನೆಂದರೆ ಮೇಕೆಹಾಲಿನ ಪೆಲಾರ್ದೋನ್ ಚೀಸ್, ಮೆಟ್ಟಿಲು ಹೊಲಗಳ ಸಿಹಿ ಈರುಳ್ಳಿ, ಚೆಸ್ಟ್‌ನಟ್. ಇವಕ್ಕೆ ನಮ್ಮ ಭೌಗೋಳಿಕ ಸೂಚಿಯನ್ನು ಹೋಲುವ ಮೂಲದ ಮನ್ನಣೆ ಸಿಕ್ಕಿದೆ. ಎಗ್ವಾಲ್ ಬೆಟ್ಟದ ದಟ್ಟ ಕಾಡು ಕೂಡ ಹಳೆಯದಲ್ಲ, ಅತಿಯಾದ ಮೇವು ಮತ್ತು ಕಡಿತದಿಂದ ಬೋಳಾಗಿದ್ದ ಬೆಟ್ಟಕ್ಕೆ 1875ರಿಂದ ಅರಣ್ಯಾಧಿಕಾರಿ ಜಾರ್ಜ್ ಫಾಬ್ರ್ ಮುಂದಾಳುತನದಲ್ಲಿ ನೆಟ್ಟದ್ದು. 1970ರಲ್ಲಿ ಇಲ್ಲಿ ರಾಷ್ಟ್ರೀಯ ಉದ್ಯಾನವನ ಆಯಿತು, ಅದರ ತಿರುಳಿನ ವಲಯದಲ್ಲೂ ರೈತರು ಬದುಕುತ್ತಿರುವುದು ಅದರ ವಿಶೇಷ. ಒಕ್ಸಿತಾನಿನ ಸ್ಥಿತಿ ಇಷ್ಟು ಆಶಾದಾಯಕವಲ್ಲ. ಅದರ ಲಾಂಗ್ದಾಕ್ ರೂಪವನ್ನು ಯುನೆಸ್ಕೊ ತೀವ್ರ ಅಪಾಯದಲ್ಲಿರುವ ಭಾಷೆಗಳ ಸಾಲಿನಲ್ಲಿ ಇಟ್ಟಿದೆ. 1979ರಲ್ಲಿ ಆರಂಭವಾದ ಕಲಂದ್ರೇತ ಶಾಲೆಗಳು ದಕ್ಷಿಣ ಫ್ರಾನ್ಸಿನಲ್ಲಿ ಮಕ್ಕಳಿಗೆ ಒಕ್ಸಿತಾನ್ ಮಾಧ್ಯಮದಲ್ಲಿ ಕಲಿಸುತ್ತಿವೆಯಾದರೂ ಹಳ್ಳಿಗಳಲ್ಲಿ ಅದನ್ನು ಸಲೀಸಾಗಿ ಆಡುವವರು ಬಹುತೇಕ ವಯಸ್ಸಾದವರು.

ಪ್ರವಾಸಕ್ಕೆ ಮೇ ಮತ್ತು ಜೂನ್ ತಿಂಗಳು ಒಳ್ಳೆಯದು. ಸೆಪ್ಟೆಂಬರ್ ನಡುವಿನ ನಂತರ ಹೋದರೆ ಮಳೆಯ ಎಚ್ಚರಿಕೆಗಳನ್ನು ದಿನವೂ ನೋಡಿಕೊಳ್ಳಿ, ಹೊಳೆಯ ದಂಡೆಯಲ್ಲಿ ಡೇರೆ ಹಾಕಬೇಡಿ. ಲಿಯೋಂನಿಂದ ರೈಲಿನಲ್ಲಿ ನೀಮ್, ಅಲ್ಲಿಂದ ಅಲೆಸ್, ಮುಂದೆ ಬಸ್ಸು ಅಥವಾ ಬಾಡಿಗೆ ಕಾರು. ಆಂದೂಜ್‌ನಿಂದ ಸ್ಯಾನ್ ಝಾನ್ ದ್ಯು ಗಾರ್‌ಗೆ ಪ್ರವಾಸಿಗಳಿಗಾಗಿ ಉಗಿಬಂಡಿ ಓಡುತ್ತದೆ. ನಡುದಾರಿಯಲ್ಲಿ 1856ರಲ್ಲಿ ನೆಡಲು ಆರಂಭಿಸಿದ ದೊಡ್ಡ ಬಿದಿರಿನ ತೋಟವಿದೆ, ಕರ್ನಾಟಕದಿಂದ ಹೋದವರಿಗೆ ಅದನ್ನು ಬಿಟ್ಟರೂ ನಷ್ಟವಿಲ್ಲ. ರೋಲಾನ್ ಹುಟ್ಟಿದ ಮನೆಯಿರುವ ಮಾಸ್ ಸುಬೇರಾನ್ ಹಳ್ಳಿಯಲ್ಲಿ ಪ್ರೊಟೆಸ್ಟಂಟರ ಗುಟ್ಟಿನ ಕಾಲದ ವಸ್ತುಸಂಗ್ರಹಾಲಯವಿದೆ, ಪ್ರತಿ ವರ್ಷ ಸೆಪ್ಟೆಂಬರಿನ ಮೊದಲ ಭಾನುವಾರ ಅಲ್ಲಿ ಸಾವಿರಾರು ಜನ ಮರಗಳಡಿಯಲ್ಲಿ ಸೇರುತ್ತಾರೆ. ನಿಮ್ಮ ಮಟ್ಟಿಗೆ ಮುಖ್ಯವಾದುದು ಸ್ಯಾನ್ ಝಾನ್ ದ್ಯು ಗಾರ್ ಊರಿನ ಆ ಕೊನೆಯ ಕಾರ್ಖಾನೆ. 2017ರಿಂದ ಅದೇ ಕಟ್ಟಡದಲ್ಲಿ ಸೆವೆನ್ ಕಣಿವೆಗಳ ವಸ್ತುಸಂಗ್ರಹಾಲಯ ನಡೆಯುತ್ತಿದೆ. ಅಲ್ಲಿಗೆ ಅರ್ಧ ದಿನವನ್ನಾದರೂ ಇಟ್ಟುಕೊಳ್ಳಿ, ಮತ್ತು ಫಲಕಗಳೆಲ್ಲ ಫ್ರೆಂಚಿನಲ್ಲೇ ಇರಬಹುದಾದುದರಿಂದ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ.